ಬಳೆ ಸಡಿಲ, ಲಾಡಿ ಬಿಗಿ

ಹೊಟ್ಟೆ ಉಬ್ಬರಿಸಿತು ಎಂದರೆ ನಮ್ಮ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಆಲೂಗಡ್ಡೆ. ಆಮೇಲೆ ಕಡಲೆಬೇಳೆ, ಅವರೆಕಾಳು, ರಾತ್ರಿ ತಡವಾಗಿ ಉಂಡ ಊಟ. ಒಂದು ಚಿಟಿಕೆ ಇಂಗು, ಒಂದು ಲೋಟ ಜೀರಿಗೆ ನೀರು, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ, ನಾನೇನೂ ಬೇಡ ಎನ್ನುವುದಿಲ್ಲ. ಆದರೆ ನಿಮಗೋ, ನಿಮ್ಮ ಮನೆಯಲ್ಲಿ ಯಾರಿಗೋ ಹಿಂದೆ ದೊಡ್ಡಕರುಳಿನ ಕ್ಯಾನ್ಸರ್ ಬಂದು ಆಪರೇಷನ್ ಆಗಿದ್ದರೆ ಈ ಇಂಗು ಜೀರಿಗೆಯ ಲೆಕ್ಕ ನಿಮಗೆ ಸಲ್ಲದು. ನಿಮ್ಮ ಮನೆಯಲ್ಲಿ ಹೊಟ್ಟೆಯ ದೂರಿಗೆ ಬೇರೆಯೇ ಕಾನೂನು. ಅದನ್ನು ಹೇಳಲೆಂದೇ ಕೂತಿದ್ದೇನೆ. ಸ್ವಲ್ಪ ಉದ್ದವಾದೀತು, ನಡುವೆ ಎದ್ದು ಹೋಗಬೇಡಿ.

ಕರುಳಿನ ಕ್ಯಾನ್ಸರ್ ಹರಡಿದರೆ ಲಿವರಿಗೆ ಹೋಗುತ್ತದೆ, ಶ್ವಾಸಕೋಶಕ್ಕೆ ಹೋಗುತ್ತದೆ ಎಂಬುದನ್ನು ಜನ ಹೇಗೋ ಕೇಳಿರುತ್ತಾರೆ. ಮೂರನೆಯ ದಾರಿಯೊಂದಿದೆ, ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಹೊಟ್ಟೆಯ ಒಳಗೋಡೆಯ ಮೇಲೂ ಒಳಗಿರುವ ಅಂಗಗಳ ಮೇಲೂ ತೆಳ್ಳನೆಯ, ನುಣುಪಾದ ಒಂದು ಪೊರೆ ಇರುತ್ತದೆ. ಡಾಕ್ಟರು ಪೆರಿಟೋನಿಯಂ ಎನ್ನುವುದು ಇದನ್ನೇ. ಬಿಡಿಸಿ ಹರವಿದರೆ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟು ಅಗಲವಾದೀತು. ಕರುಳು ಒಂದನ್ನೊಂದು ಉಜ್ಜದೆ ಜಾರಲೆಂದು ಅದರ ಮಡಿಕೆಗಳ ನಡುವೆ ಒಂದಿಷ್ಟು ದ್ರವವೂ ಇರುತ್ತದೆ. ಗಡ್ಡೆ ಕರುಳಿನ ಗೋಡೆಯನ್ನು ಪೂರ್ತಿ ಕೊರೆದು ಹೊರಮೈಗೆ ಬಂತೋ, ಕ್ಯಾನ್ಸರ್ ಕಣಗಳು ಉದುರಿ ಆ ದ್ರವಕ್ಕೆ ಬೀಳುತ್ತವೆ.

ದ್ರವ ಸುಮ್ಮನೆ ನಿಂತಿರುವುದಿಲ್ಲ. ಕೆಳಹೊಟ್ಟೆಯ ಕುಳಿಗೆ ಇಳಿಯುತ್ತದೆ, ಬಲಮಗ್ಗುಲಿನ ಓಣಿಗುಂಟ ಮೇಲೇರುತ್ತದೆ, ಲಿವರಿನ ಮೇಲಿರುವ ವಪೆಯ ಅಡಿಗೆ ಹೋಗಿ ಅಲ್ಲಿ ಹೀರಿಕೊಳ್ಳಲ್ಪಡುತ್ತದೆ. ಹಾಗಾಗಿ ಕಣಗಳು ಬೇರೂರುವ ಜಾಗಗಳೂ ಅವೇ: ಕೆಳಹೊಟ್ಟೆ, ಹೆಂಗಸರಾದರೆ ಅಂಡಾಶಯ, ಸಣ್ಣಕರುಳು ದೊಡ್ಡಕರುಳು ಕೂಡುವ ಮೂಲೆ, ಬಲಗಡೆ ವಪೆಯ ಕೆಳಭಾಗ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರ. ಶುರುವಿನಲ್ಲಿ ನೋಡಿದರೆ ಒದ್ದೆ ಬಟ್ಟೆಯ ಮೇಲೆ ಒಂದು ಹಿಡಿ ರಾಗಿ ಚೆಲ್ಲಿದಂತೆ ಕಾಣುತ್ತದೆ. ಕಾಳು ಅಷ್ಟು ಸಣ್ಣದಿದ್ದಾಗ ನೋವಿಲ್ಲ, ಜ್ವರವಿಲ್ಲ, ಸ್ಕ್ಯಾನಿಗೂ ಕಾಣುವುದಿಲ್ಲ. ಈ ರೋಗದ ಕಪಟವೆಲ್ಲ ಇರುವುದು ಇಲ್ಲೇ.

ಹಾಗಾದರೆ ನಮಗೆ ಗೊತ್ತಾಗುವುದು ಹೇಗೆ ಎನ್ನುತ್ತೀರಿ. ಮೊದಲು ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟಿರುವ ಹಳೆಯ ಫೈಲು ತೆಗೆಯಿರಿ. ಆಪರೇಷನ್ ಆದಮೇಲೆ ಕೊಟ್ಟ ಬಯಾಪ್ಸಿ ರಿಪೋರ್ಟ್ ಒಂದಿರುತ್ತದೆ. ಅದನ್ನು ಯಾರೂ ಓದಿರುವುದಿಲ್ಲ, ಬಿಲ್ಲನ್ನು ಮಾತ್ರ ಮೂರು ಸಲ ಓದಿರುತ್ತೀರಿ! ಅದರಲ್ಲಿ ಟಿ4 ಎಂದು ಬರೆದಿದೆಯೇ ನೋಡಿ. ಗಡ್ಡೆ ಕರುಳಿನ ಗೋಡೆ ದಾಟಿತ್ತು ಎಂದು ಅದರರ್ಥ. ಮ್ಯೂಸಿನಸ್ ಎಂದಿದ್ದರೆ ಲೋಳೆ ತುಂಬಿದ ಜಾತಿಯದು, ಸಿಗ್ನೆಟ್ ರಿಂಗ್ ಎಂದಿದ್ದರೆ ಇನ್ನೂ ಹಟಮಾರಿ. ಆಪರೇಷನ್ ಹೊತ್ತಿಗೇ ಕರುಳು ತೂತಾಗಿತ್ತೇ, ಗಡ್ಡೆ ಅಂಡಾಶಯಕ್ಕೆ ಅಂಟಿತ್ತೇ, ಅದನ್ನೂ ನೋಡಿಕೊಳ್ಳಿ. ಇವುಗಳಲ್ಲಿ ಒಂದಾದರೂ ಇದ್ದರೆ ಪೊರೆಗೆ ಹರಡುವ ಭಯ ಉಳಿದವರಿಗಿಂತ ಹೆಚ್ಚು. ಹೆದರಿಸಲು ಹೇಳುತ್ತಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರ ಎದುರು ಕೂತು, "ನಮ್ಮದು ಟಿ4 ಅಂತ ಬರೆದಿದೆ, ಹೊಟ್ಟೆಯ ಪೊರೆಯ ಕಡೆ ಗಮನ ಇಟ್ಟಿದ್ದೀರಾ?" ಎಂದು ನೀವೇ ಕೇಳಬೇಕು. ಕೇಳಿದರೆ ಅವರೇನೂ ಬೇಸರಪಡುವುದಿಲ್ಲ.

ಇನ್ನು ಲಕ್ಷಣ. ಮೊದಮೊದಲು ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ಉಬ್ಬರ ಬರುತ್ತದೆ, ಹೋಗುತ್ತದೆ, ಆಮೇಲೆ ಹೋಗುವುದನ್ನೇ ಬಿಡುತ್ತದೆ. ಮಲಬದ್ಧತೆ, ನಡುನಡುವೆ ಹಿಂಡಿದಂಥ ನೋವು, ವಾಕರಿಕೆ. ಹೊಕ್ಕುಳಲ್ಲಿ ಗಟ್ಟಿಯಾದ ಗಂಟೊಂದು ಕಾಣಿಸಿಕೊಳ್ಳುವುದೂ ಉಂಟು. ನೀರು ತುಂಬತೊಡಗಿದರೆ ಹೊಟ್ಟೆ ಮುಂದಕ್ಕೆ ಬರುತ್ತದೆ, ಕೈಕಾಲು ಮಾತ್ರ ಸಣ್ಣಗಾಗುತ್ತವೆ. ಅಮ್ಮನ ಕೈ ನೋಡಿ: ಮೊನ್ನೆಯವರೆಗೆ ಸೋಪು ಹಚ್ಚದೆ ಇಳಿಯದಿದ್ದ ಬಳೆ ಈಗ ಮೊಣಕೈವರೆಗೆ ಜಾರುತ್ತದೆ. ಅದೇ ಹೊತ್ತಿಗೆ ಲಂಗದ ಲಾಡಿ ಸಾಲದೆ ಗಂಟು ತುದಿಗೆ ಬಂದಿರುತ್ತದೆ, ಸೊಂಟದ ಮೇಲೆ ಕೆಂಪು ಬರೆ. ಅಪ್ಪನಾದರೆ ಅಂಗಿ ತೋಳಲ್ಲಿ ಜೋತಾಡುತ್ತದೆ, ಪ್ಯಾಂಟಿನ ಗುಂಡಿ ಹತ್ತುವುದಿಲ್ಲ. ಹೀಗೆ ಎರಡೂ ಒಟ್ಟಿಗೆ ಕಂಡಮೇಲೆ ಜೀರಿಗೆ ನೀರು ಕುದಿಸುತ್ತಾ ಕೂರಬೇಡಿ. ಎರಡು ವಾರ ಬಿಡದ ಉಬ್ಬರಕ್ಕೆ ಡಾಕ್ಟರನ್ನು ಕಾಣಲೇಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ. ಮುಟ್ಟು ನಿಲ್ಲುವ ವಯಸ್ಸು, ಹೊಟ್ಟೆ ಬರುವುದು ಸಹಜ ಎಂದು ನಿಮಗೆ ನೀವೇ ಸಮಾಧಾನ ಹೇಳಿಕೊಳ್ಳುತ್ತೀರಿ. ಸಹಜ ಬೊಜ್ಜು ಬರುವುದಕ್ಕೆ ವರ್ಷಗಳು ಬೇಕು, ವಾರಗಳಲ್ಲಿ ಬಂದರೆ ಅದು ಬೊಜ್ಜಲ್ಲ. ಸ್ಕ್ಯಾನಿನಲ್ಲಿ ಅಂಡಾಶಯ ದಪ್ಪಗಾಗಿದೆ ಎಂದು ಬಂದರೂ ಮೂಲ ಕರುಳಿನಲ್ಲಿ ಇರಬಹುದು. ಹಿಂದಿನ ಕರುಳಿನ ಆಪರೇಷನ್ ವಿಷಯವನ್ನು ಹೆರಿಗೆ ಡಾಕ್ಟರ ಹತ್ತಿರವೂ ಬಾಯಿಬಿಟ್ಟು ಹೇಳಿ. ದೊಡ್ಡಕರುಳು ಶುರುವಾಗುವಲ್ಲಿ ಜೋತಿರುವ ಅಪೆಂಡಿಕ್ಸಿನ ಕ್ಯಾನ್ಸರೂ ಇದೇ ಪೊರೆಗೆ ಹರಡುವಂಥದ್ದು. ನಟಿ ಆಡ್ರೆ ಹೆಪ್‌ಬರ್ನ್ 1992ರಲ್ಲಿ ಸೊಮಾಲಿಯಾದ ಹಸಿದ ಮಕ್ಕಳನ್ನು ನೋಡಿ ಮರಳುವಾಗ ಹೊಟ್ಟೆನೋವು ತಂದುಕೊಂಡಿದ್ದರು. ಅಪೆಂಡಿಕ್ಸಿನ ಕ್ಯಾನ್ಸರ್ ಹೊಟ್ಟೆಯೊಳಗೆಲ್ಲ ಹರಡಿತ್ತು, 1993ರ ಜನವರಿಯಲ್ಲಿ ತೀರಿಕೊಂಡರು. ದುಡ್ಡು, ಹೆಸರು, ಒಳ್ಳೆಯ ಡಾಕ್ಟರು ಎಲ್ಲ ಇದ್ದವರಿಗೂ ಇದು ಮೊದಲೇ ಸುಳಿವು ಕೊಡಲಿಲ್ಲ.

ಆಪರೇಷನ್ ಆದವರು ತಪಾಸಣೆ ತಪ್ಪಿಸಬೇಡಿ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ ಎಂಬ ರಕ್ತಪರೀಕ್ಷೆ, ಡಾಕ್ಟರು ಹೇಳಿದ ಹೊತ್ತಿಗೆ ಸಿಟಿ ಸ್ಕ್ಯಾನ್, ವರ್ಷವಾದ ಮೇಲೆ ಒಂದು ಸಲ ಕೊಲೊನೊಸ್ಕೋಪಿ, ಒಟ್ಟು ಐದು ವರ್ಷದ ಶಿಸ್ತು. ಮಗಳ ಮದುವೆ, ಅಡಿಕೆ ಕೊಯ್ಲು, ಮೊಮ್ಮಗನ ನಾಮಕರಣ ಎಂದು ಮುಂದೂಡುತ್ತಾ ಹೋಗುತ್ತೀರಲ್ಲ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ಇನ್ನೊಂದು ವಿಷಯ ತಿಳಿದಿರಲಿ. ಸಿಟಿ ಸ್ಕ್ಯಾನ್ ಚೆನ್ನಾಗಿದೆ ಎಂದರೆ ಪೊರೆಯೂ ಚೆನ್ನಾಗಿದೆ ಎಂದು ಖಾತ್ರಿಯಲ್ಲ. ಅರ್ಧ ಸೆಂಟಿಮೀಟರಿಗಿಂತ ಚಿಕ್ಕ ಕಾಳುಗಳು ಅದರ ಕಣ್ಣಿಗೆ ಬೀಳುವುದು ಕಷ್ಟ. ಲೋಳೆಯ ಜಾತಿಯ ಗಡ್ಡೆ ಪೆಟ್ ಸ್ಕ್ಯಾನಿಗೂ ಮಂಕಾಗಿ ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅನುಮಾನ ಉಳಿದರೆ ಹೊಟ್ಟೆಗೆ ಸಣ್ಣ ತೂತು ಕೊರೆದು ದುರ್ಬೀನು ಇಳಿಸಿ ನೋಡುವ ಲ್ಯಾಪರೋಸ್ಕೋಪಿ ಇದೆ. ಡಾಕ್ಟರು ಅದನ್ನು ಸೂಚಿಸಿದರೆ "ಮತ್ತೆ ಕೊಯ್ಯುತ್ತಾರಾ, ದುಡ್ಡು ಕೀಳೋಕೆ" ಎಂದು ಗೊಣಗಬೇಡಿ. ದೊಡ್ಡ ಆಪರೇಷನ್ ಬೇಕೋ ಬೇಡವೋ ಎಂದು ಗೊತ್ತಾಗುವುದೇ ಎಷ್ಟೋ ಸಲ ಅದರಿಂದ.

ಪೊರೆಗೆ ಹರಡಿದೆ ಎಂದು ಖಚಿತವಾಯಿತು ಅಂದುಕೊಳ್ಳಿ. ನಾಲ್ಕನೇ ಸ್ಟೇಜ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಒಂದು ಪಕ್ಷ ಇನ್ನೇನಿದೆ, ಮನೆಗೆ ಕರೆದುಕೊಂಡು ಹೋಗೋಣ ಎನ್ನುತ್ತದೆ. ಇನ್ನೊಂದು ಹೊಲ ಮಾರಿಯಾದರೂ ಸರಿ, ಎಲ್ಲಿದೆಯೋ ಆ ದೊಡ್ಡ ಚಿಕಿತ್ಸೆ ಕೊಡಿಸೋಣ ಎನ್ನುತ್ತದೆ. ಎರಡೂ ಆತುರವೇ, ಆತುರಗಾರನಿಗೆ ಬುದ್ಧಿ ಮಟ್ಟ. ಹಿಂದೆ ಏನೂ ಚಿಕಿತ್ಸೆಯಿಲ್ಲದೆ ಆರು ತಿಂಗಳ ಮಾತಾಗಿದ್ದ ರೋಗ ಇದು. ಈಗಿನ ಕೀಮೋದಿಂದ ಅನೇಕರು ಒಂದು ವರ್ಷ ದಾಟುತ್ತಾರೆ. ಆಯ್ದ ಕೆಲವರಿಗೆ ಆಪರೇಷನ್ನಿನಿಂದ ಮೂರು ನಾಲ್ಕು ವರ್ಷ, ಅದಕ್ಕೂ ಹೆಚ್ಚು ಸಿಕ್ಕಿದೆ. ಆಯ್ದ ಕೆಲವರಿಗೆ ಎಂದೆ, ಆ ಮಾತನ್ನು ನುಂಗಬೇಡಿ.

ಆ ಆಪರೇಷನ್ ಏನೆಂದು ಹೇಳುತ್ತೇನೆ. ಕಣ್ಣಿಗೆ ಕಾಣುವ ಕಾಳುಗಳನ್ನೆಲ್ಲ, ಅವು ಕೂತಿರುವ ಪೊರೆಯ ಭಾಗಗಳ ಸಮೇತ ಬಿಡಿಸಿ ತೆಗೆಯುವುದು. ಅಮೆರಿಕದ ವಾಷಿಂಗ್ಟನ್ನಿನ ಪಾಲ್ ಶುಗರ್‌ಬೇಕರ್ ಎಂಬ ಸರ್ಜನ್ ಈ ಪೊರೆ ಬಿಡಿಸುವ ವಿಧಾನಗಳನ್ನು 1995ರಲ್ಲಿ ವಿವರಿಸಿ ಬರೆದರು. ರೋಗ ಎಷ್ಟಿದೆ ಎಂದು ಅಳೆಯಲು ಹೊಟ್ಟೆಯನ್ನು 13 ಭಾಗ ಮಾಡಿ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಲೆಕ್ಕವೂ ಅವರದೇ. ಒಟ್ಟು 39. ಇದು ಹೆಚ್ಚು ಬಂದಷ್ಟೂ ಕೆಟ್ಟದೆನ್ನುವ ಅಂಕ. ಕರುಳಿನ ಕ್ಯಾನ್ಸರಿನಲ್ಲಿ ಇಪ್ಪತ್ತರ ಆಸುಪಾಸು ದಾಟಿದರೆ ಬಹಳ ಸರ್ಜನ್ನರು ಹಿಂದೇಟು ಹಾಕುತ್ತಾರೆ, ಹಾಕಬೇಕು ಕೂಡ. ಸಣ್ಣಕರುಳಿನ ತುಂಬ ಕಾಳು ಹರಡಿದ್ದರೆ ಎಲ್ಲವನ್ನೂ ತೆಗೆಯಲಾಗುವುದಿಲ್ಲ. ಅರ್ಧ ತೆಗೆದು ಅರ್ಧ ಬಿಟ್ಟರೆ ರೋಗಿಗೆ ಆಪರೇಷನ್ನಿನ ನೋವು ಮಾತ್ರ ಲಾಭ.

ಇದರ ಜೊತೆಗೆ ನೀವು ಹೈಪೆಕ್ ಎಂಬ ಹೆಸರು ಕೇಳುತ್ತೀರಿ. ಕಾಳು ಬಿಡಿಸಿದ ಮೇಲೆ, ಇನ್ನೂ ಥಿಯೇಟರಿನಲ್ಲೇ, ಸುಮಾರು 41ರಿಂದ 43 ಡಿಗ್ರಿ ಬಿಸಿಯ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹರಿಸಿ ತೊಳೆಯುವುದು. ರಕ್ತದ ಮೂಲಕ ಕೊಟ್ಟ ಔಷಧಿ ಈ ಪೊರೆಗೆ ಸರಿಯಾಗಿ ತಲುಪುವುದಿಲ್ಲ, ನೇರವಾಗಿ ಸುರಿದರೆ ತಲುಪೀತು ಎಂಬುದು ಅದರ ಹಿಂದಿನ ಯೋಚನೆ. ನೆದರ್ಲೆಂಡ್ಸಿನವರು 105 ರೋಗಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆಪರೇಷನ್ನೂ ಬಿಸಿ ಕೀಮೋವೂ ಸೇರಿ ಆಯುಸ್ಸಿನ ಮಧ್ಯಮ ಲೆಕ್ಕ 12.6 ತಿಂಗಳಿಂದ ಸುಮಾರು 22 ತಿಂಗಳಿಗೆ ಏರಿತು. ಎಲ್ಲೆಲ್ಲೂ ಹೈಪೆಕ್ ಶುರುವಾಯಿತು. ಆಮೇಲೆ ಫ್ರಾನ್ಸಿನವರು ಪ್ರಾಡಿಜ್ 7 ಎಂಬ ಪರೀಕ್ಷೆ ಮಾಡಿದರು. 265 ರೋಗಿಗಳಿಗೆ ಕಾಳು ತೆಗೆಯುವ ಆಪರೇಷನ್, ಅವರಲ್ಲಿ ಅರ್ಧ ಜನಕ್ಕೆ ಮಾತ್ರ ಬಿಸಿ ಕೀಮೋ. ತೊಳೆದವರಿಗೆ 41.7 ತಿಂಗಳು, ತೊಳೆಯದವರಿಗೆ 41.2. ವ್ಯತ್ಯಾಸವೇ ಇಲ್ಲ! ಎರಡು ತಿಂಗಳ ಹೊತ್ತಿಗೆ ತೀವ್ರ ತೊಂದರೆಗಳು ಮಾತ್ರ ತೊಳೆದವರಲ್ಲೇ ಹೆಚ್ಚು ಕಂಡವು. ಅವರು ಬಳಸಿದ್ದು ಒಂದೇ ಔಷಧಿ, ಅದೂ ಅರ್ಧ ಗಂಟೆ, ಬೇರೆ ಔಷಧಿಯಲ್ಲಿ ಬೇರೆ ಫಲ ಬಂದೀತು ಎಂದು ವಾದಿಸುವವರಿದ್ದಾರೆ. ವಾದ ಅವರಿಗಿರಲಿ. ನಿಮಗೆ ಬೇಕಾದ ತಿಳುವಳಿಕೆ ಇಷ್ಟು: ಆಯುಸ್ಸು ಕೊಡುವುದು ಮುಖ್ಯವಾಗಿ ಸರ್ಜನ್ನರ ಕೈ, ಬಿಸಿ ನೀರಲ್ಲ. ಹೈಪೆಕ್ ಮೆಷಿನ್ ನಮ್ಮಲ್ಲಿದೆ ಎಂಬ ಜಾಹೀರಾತು ನೋಡಿ ಆಸ್ಪತ್ರೆ ಆರಿಸಬೇಡಿ.

ಆರಿಸುವಾಗ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಲ್ಲಿ ಕೂತಾಗ ಎಲ್ಲ ಮರೆಯುತ್ತದೆ. ನಮ್ಮವರ ಅಂಕ ಎಷ್ಟು? ಪೂರ್ತಿ ತೆಗೆಯಬಹುದೇ? ಈ ಆಪರೇಷನ್ ನೀವು ಆಗಾಗ ಮಾಡುತ್ತೀರಾ? ಮೊದಲು ಕೆಲವು ತಿಂಗಳು ಕೀಮೋ ಕೊಟ್ಟು ರೋಗ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದು ಒಳ್ಳೆಯದೇ? ಗಡ್ಡೆಯ ಜೀನ್ ನೋಡುವ ಕೆಆರ್‌ಎಎಸ್, ಬಿಆರ್‌ಎಎಫ್, ಎಂಎಸ್‌ಐ ಪರೀಕ್ಷೆಗಳಾಗಿವೆಯೇ? ಕೊನೆಯದನ್ನು ವಿಶೇಷವಾಗಿ ಕೇಳಿ. ಎಂಎಸ್‌ಐ ಹೆಚ್ಚು ಎಂದು ಬರುವ ಗುಂಪಿಗೆ ಸೇರುವವರು ಸ್ವಲ್ಪವೇ ಜನ, ಆದರೆ ಸೇರಿದವರಿಗೆ ಇಮ್ಯುನೊಥೆರಪಿ ಚೆನ್ನಾಗಿ ಹಿಡಿಯುವುದುಂಟು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯಲು ಸಂಕೋಚ ಬೇಡ. ಆದರೆ ಐದಾರು ಆಸ್ಪತ್ರೆ ತಿರುಗುತ್ತಾ ತಿಂಗಳು ಕಳೆಯುವುದೂ ಬೇಡ. ಹಿತ್ತಲ ಗಿಡ ಮದ್ದಲ್ಲ ಎಂಬ ಚಟ ನಮಗೆ. 1973ರಿಂದ ನಡೆಯುತ್ತಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯನ್ನು ಸರ್ಕಾರಿ ಎಂದು ಮೂಗು ಮುರಿಯುವವರೇ ಕೈಬರಿದಾದ ಮೇಲೆ ಅಲ್ಲಿ ಸಾಲು ನಿಲ್ಲುತ್ತಾರೆ. ಮೊದಲೇ ಹೋಗಿ ಕೇಳಿದರೆ ಏನು ಕಳೆದುಕೊಳ್ಳುತ್ತೀರಿ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸಿಗುತ್ತದೆ ಎಂದು ಅಡ್ಮಿಟ್ ಆಗುವ ಮುನ್ನವೇ ವಿಚಾರಿಸಿ, ರೇಷನ್ ಕಾರ್ಡ್ ಆಧಾರ್ ಜೊತೆಗಿರಲಿ. ಆಸ್ಪತ್ರೆ ಬದಲಿಸುವುದಾದರೆ ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ, ಬರೀ ಕಾಗದ ಸಾಲದು. ಕ್ಯಾನ್ಸರ್ ಚಿಕಿತ್ಸೆಗೆ ಓಡಾಡುವ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ನಾಚಿಕೊಳ್ಳದೆ ಬರೆಸಿಕೊಳ್ಳಿ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ಹಾಗಾಗಿ ಈ ಹೊತ್ತಿನಲ್ಲಿ ಹುಲ್ಲುಕಡ್ಡಿ ಮಾರುವವರೂ ಬಹಳ. ಲಕ್ಷ್ಮಣಫಲದ ಎಲೆಯ ಕಷಾಯ ಕೀಮೋಗಿಂತ ಹತ್ತು ಸಾವಿರ ಪಾಲು ಬಲಶಾಲಿ ಎಂಬ ವಾಟ್ಸ್ಯಾಪ್ ಸಂದೇಶ ನಿಮಗೂ ಬಂದಿರುತ್ತದೆ, ನೀವು ಅದನ್ನು ಮುಂದಕ್ಕೂ ಕಳಿಸಿರುತ್ತೀರಿ. ಮನುಷ್ಯರಲ್ಲಿ ಅದು ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಆಧಾರವಿಲ್ಲ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಅದರ ಹಣ್ಣು ಎಲೆಯನ್ನು ಬಹಳ ಬಳಸುವವರಲ್ಲಿ ಪಾರ್ಕಿನ್ಸನ್‌ನಂಥ ನರದ ಕಾಯಿಲೆಯ ನಂಟನ್ನು ಡಾಕ್ಟರು ಗುರುತಿಸಿದ್ದಾರೆ. ತೊಗಟೆಯ ಪುಡಿ, ನಾಟಿ ಕಷಾಯ ಏನೇ ಕೊಡುತ್ತಿದ್ದರೂ ಕೀಮೋ ಡಾಕ್ಟರಿಗೆ ಮುಚ್ಚಿಡಬೇಡಿ, ಲಿವರ್ ಏರುಪೇರಾದಾಗ ಅವರು ಕತ್ತಲಲ್ಲಿ ತಡಕಾಡುವಂತಾಗುತ್ತದೆ.

ಊಟದ ವಿಷಯದಲ್ಲಿ ನಿಮ್ಮನ್ನು ಗದರಲೇಬೇಕು. ಮಲಬದ್ಧತೆ ಎಂದಕೂಡಲೇ ಬುಟ್ಟಿಗಟ್ಟಲೆ ಸೊಪ್ಪು, ಇಸಬಗೋಲು, ಎನಿಮಾ, ಹರಳೆಣ್ಣೆ. ಪೊರೆಯ ಮೇಲಿನ ಗಡ್ಡೆಗಳು ಕರುಳನ್ನು ಅಲ್ಲಲ್ಲಿ ಬಿಗಿದು ದಾರಿ ಕಿರಿದು ಮಾಡಿರುತ್ತವೆ. ಅಂಥ ಕರುಳಿಗೆ ನಾರು ತುಂಬಿದರೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಇಲ್ಲಿ ನಾರಿಲ್ಲದ ಊಟ ಬಲ್ಲವರಿಗೆ ಅನ್ವಯ. ಮೆತ್ತಗೆ ಬೆಂದ ಅನ್ನಕ್ಕೆ ಮೊಸರು, ಸೋಸಿದ ರಾಗಿ ಅಂಬಲಿ, ಬೇಳೆಕಟ್ಟು, ಇಡ್ಲಿ, ತಿನ್ನುವವರಿಗೆ ಬೇಯಿಸಿದ ಮೊಟ್ಟೆ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ. ದಂಟು, ನುಗ್ಗೆಕಾಯಿ, ಹಸಿ ತರಕಾರಿ, ಕಡಲೆಕಾಳು, ಕಿತ್ತಳೆಯ ತೊಳೆಯ ಸಿಪ್ಪೆ ದೂರವಿರಲಿ. ಬೇಧಿಯ ಮಾತ್ರೆಯನ್ನು ಡಾಕ್ಟರು ಹೇಳದೆ ಕೊಡಬೇಡಿ. ಗಾಳಿಯೂ ಹೋಗುತ್ತಿಲ್ಲ, ಮಲವೂ ಇಲ್ಲ, ಹೊಟ್ಟೆ ಗಟ್ಟಿಯಾಗಿ ಉಬ್ಬಿದೆ, ಅಲೆ ಅಲೆಯಾಗಿ ನೋವು, ವಾಂತಿ ಹಸಿರಾಗಿ ಬರುತ್ತಿದೆ ಎಂದಾದರೆ ಬಾಯಿಗೆ ಏನೂ ಹಾಕದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯುವ ಕೆಲಸ ಇದಲ್ಲ.

ಹೊಟ್ಟೆಯಲ್ಲಿ ನೀರು ತುಂಬಿ ಉಸಿರು ಕಟ್ಟುವಂತಾದರೆ ಸೂಜಿ ಹಾಕಿ ತೆಗೆಯುತ್ತಾರೆ. ಒಮ್ಮೆ ತೆಗೆದರೆ ಮತ್ತೆ ಮತ್ತೆ ತುಂಬುತ್ತದೆ, ತೆಗೆಸಲೇಬೇಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ತೆಗೆದದ್ದರಿಂದ ತುಂಬುವುದಲ್ಲ, ರೋಗ ಇರುವುದರಿಂದ ತುಂಬುವುದು. ನೀರು ಇಳಿಸಿದ ದಿನ ಮನುಷ್ಯ ಮಲಗಿ ನಿದ್ದೆ ಮಾಡಿಯಾನು, ನಾಲ್ಕು ತುತ್ತು ಉಂಡಾನು. ಅದೇನು ಕಡಿಮೆಯೇ? ನೋವಿನ ಮಾತೂ ಹಾಗೆಯೇ. ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ ಚಟ ಹತ್ತುತ್ತದೆ, ಇದು ಕೊನೆಗಾಲದ ಮಾತ್ರೆ ಎಂದು ಡಬ್ಬಿಯಲ್ಲೇ ಇಡುತ್ತೀರಿ. ಹೇಳಿದ ಗಂಟೆಗೆ ಕೊಡಿ, ಜೊತೆಗೆ ಮಲ ಸಡಿಲಿಸುವ ಔಷಧಿ ಏನು, ಎಷ್ಟು ಎಂದು ಅವರನ್ನೇ ಕೇಳಿ. ನೋವು ಶಮನದ ವಿಭಾಗವನ್ನು ಕೀಮೋ ನಡೆಯುತ್ತಿರುವಾಗಲೇ ಕಾಣಬಹುದು. ಚಿಕಿತ್ಸೆಯ ದಾರಿ ಮುಗಿದವರನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯದಂಥ ಜಾಗ ಬೆಂಗಳೂರಿನಲ್ಲಿದೆ ಎಂಬುದು ಗೊತ್ತಿರಲಿ.

"ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ" ಎಂದು ಬಾಗಿಲ ಬಳಿ ಪಿಸುಗುಟ್ಟುವ ಮಕ್ಕಳೇ, ಸ್ವಲ್ಪ ಇಲ್ಲಿ ಬನ್ನಿ. ಅಪ್ಪನಿಗೆ ಗೊತ್ತಿಲ್ಲ ಎಂದುಕೊಂಡಿರುವವರು ನೀವು ಮಾತ್ರ. ಕೀಮೋ ವಾರ್ಡಿನಲ್ಲಿ ಪಕ್ಕದ ಮಂಚದವರ ಹತ್ತಿರ ಎಲ್ಲವನ್ನೂ ಕೇಳಿ ತಿಳಿದಿರುತ್ತಾರೆ. ಹತ್ತು ಗಂಟೆ ಹಿಡಿಯಬಹುದಾದ ಆಪರೇಷನ್, ಆಮೇಲೆ ಐಸಿಯು, ಬಹುಶಃ ಹೊಟ್ಟೆಯ ಮೇಲೊಂದು ಮಲದ ಚೀಲ. ಇಷ್ಟನ್ನು ಅನುಭವಿಸಬೇಕಾದವರಿಗೆ ಬೇಕೋ ಬೇಡವೋ ಎಂದು ಹೇಳುವ ಹಕ್ಕಿಲ್ಲವೇ? ಎಲ್ಲವನ್ನೂ ಒಂದೇ ದಿನ ಸುರಿಯಬೇಕಿಲ್ಲ. "ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತೆ ಅಪ್ಪಾ?" ಎಂದು ಕೇಳಿ, ಅವರು ಕೇಳಿದಷ್ಟಕ್ಕೆ ನಿಜ ಹೇಳಿ. ಸೈಟಿನ ಕಾಗದ, ಬ್ಯಾಂಕಿನ ನಾಮಿನಿ, ತಂಗಿಯ ಜೊತೆ ಮುರಿದ ಮಾತು, ಅವರಿಗೂ ಮಾಡಿ ಮುಗಿಸಬೇಕಾದ್ದು ಇರುತ್ತದೆ.

ಕೊನೆಗೆ ಉಳಿದದ್ದು ನಿಮ್ಮದೇ ಸರದಿ. ತಂದೆ ತಾಯಿಗೋ ಒಡಹುಟ್ಟಿದವರಿಗೋ ದೊಡ್ಡಕರುಳಿನ ಕ್ಯಾನ್ಸರ್ ಬಂದಿದ್ದರೆ ನಿಮಗೆ ನಲವತ್ತಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ, ಕೊಲೊನೊಸ್ಕೋಪಿ ಆಗಬೇಕು. ಅಪ್ಪನಿಗೆ 45ಕ್ಕೆ ಬಂತೇ? ನಿಮಗೆ 35ಕ್ಕೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಪು ಕೊಟ್ಟುಕೊಂಡು ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರಿನ ನಂಬರಿಗೆ ಫೋನ್ ಮಾಡುತ್ತೀರಲ್ಲ, ಅದು ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗೆ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾಗಿದ್ದರೆ ಕಬ್ಬಿಣದ ಮಾತ್ರೆ ನುಂಗಿ ಸುಮ್ಮನಾಗಬೇಡಿ, ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ. ಕೊಲೊನೊಸ್ಕೋಪಿಯ ಹಿಂದಿನ ದಿನ ಲೀಟರುಗಟ್ಟಲೆ ಕುಡಿಯಬೇಕಾದ ಆ ಉಪ್ಪುಪ್ಪು ನೀರಿನ ರುಚಿಯ ಬಗ್ಗೆ ನನಗೆ ಫೋನ್ ಮಾಡಿ ದೂರಬೇಡಿ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಂಡು, ಹೇಳಿದ ಹೊತ್ತಿಗೆ ಹೇಳಿದಷ್ಟು ಕುಡಿದುಬಿಡಿ. ಅರ್ಧ ಬಿಟ್ಟರೆ ಕರುಳು ಸ್ವಚ್ಛವಾಗಿಲ್ಲವೆಂದು ವಾಪಸ್ ಕಳಿಸುತ್ತಾರೆ, ಇನ್ನೊಮ್ಮೆ ಕುಡಿಯಬೇಕಾಗುತ್ತದೆ.